ಎರಡು ಪೈ ಚಾರ್ಟ್, ಎರಡು ಉತ್ತರ: ಫೋರಂ ತಂತ್ರಾಂಶ ಆರಿಸುವಾಗ ಯಾವುದನ್ನು ನಂಬುವುದು?

ಸುಮಂಗಲಾ

ಹಳೆಯ ಫಿಲ್ಮ್ ಕ್ಯಾಮೆರಾ ರಿಪೇರಿ ಮಾಡುವವರಿಗಾಗಿ 2009ರಿಂದ ಒಂದು ಫೋರಂ ನಡೆಸುತ್ತಿದ್ದೇನೆ. ಶುರುವಿನಿಂದಲೂ ಪಿಎಚ್‌ಪಿಬಿಬಿ ಎಂಬ ಫೋರಂ ತಂತ್ರಾಂಶದ 3.0 ಆವೃತ್ತಿ. ಈಗ ಹೋಸ್ಟಿಂಗ್‌ನವರು ಅದು ಓಡಲು ಬೇಕಾದ ಪಿಎಚ್‌ಪಿ ಭಾಷೆಯ 5.6 ಆವೃತ್ತಿ ತೆಗೆದುಹಾಕುತ್ತೇವೆ ಎಂದು ಮೇಲ್ ಕಳಿಸಿದ್ದಾರೆ. ಪಿಎಚ್‌ಪಿಬಿಬಿ 3.0ಕ್ಕೆ ಹೊಸ ಪಿಎಚ್‌ಪಿ 7 ಆಗಿಬರುವುದಿಲ್ಲ, ಹಾಗಾಗಿ ಸುಮ್ಮನೆ ಕೂರುವಂತಿಲ್ಲ.

ನಮ್ಮ ಮಾಡರೇಟರ್ ಒಬ್ಬರು ಫೋರಂ ತಂತ್ರಾಂಶಗಳ ಮಾರುಕಟ್ಟೆ ಪಾಲಿನ ಒಂದು ಪೈ ಚಾರ್ಟ್ ತೋರಿಸಿದರು. ಅದರಲ್ಲಿ ಪಿಎಚ್‌ಪಿಬಿಬಿಗೇ ದೊಡ್ಡ ಪಾಲು, ಡಿಸ್ಕೋರ್ಸ್ ಎಂಬ ಇನ್ನೊಂದು ಫೋರಂ ತಂತ್ರಾಂಶ ಬರೀ ಒಂದು ಗೆರೆ. ಇನ್ನೊಬ್ಬರು ತಂದ ಚಾರ್ಟಿನಲ್ಲಿ ಡಿಸ್ಕೋರ್ಸ್ ಮೇಲೆ, ಪಿಎಚ್‌ಪಿಬಿಬಿ ಕೆಳಗೆ. ಇಬ್ಬರೂ ತಮ್ಮದೇ ಸರಿ ಎನ್ನುತ್ತಾರೆ. ಎರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ? ಯಾವುದನ್ನು ನಂಬಿ ಹೆಜ್ಜೆ ಇಡಲಿ?

ಅರವಿಂದ್

ಮೇಡಂ, ಇದ್ದಲ್ಲೇ ಇರಿ, 3.3ಕ್ಕೆ ಏರಿಸಿಕೊಳ್ಳಿ ಸಾಕು. ಪಿಎಚ್‌ಪಿಬಿಬಿ 2000ದಿಂದ ಇದೆ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯಲ್ಲಿದೆ, ಯಾವ ಕಂಪನಿ ಮುಚ್ಚಿದರೂ ನಿಮ್ಮ ಕೈ ತಪ್ಪುವುದಿಲ್ಲ. ಪಾಲು ದೊಡ್ಡದು ಅಂದರೆ ಬಳಸುವವರು ಹೆಚ್ಚು. ರಾತ್ರಿ ಹನ್ನೊಂದಕ್ಕೆ ಏನೋ ಎರರ್ ಬಂದರೆ, ಅದೇ ಎರರ್ ಬೇರೆ ಯಾರಿಗೋ ಬಂದು, ಇನ್ಯಾರೋ ಉತ್ತರ ಬರೆದಿಟ್ಟಿರುತ್ತಾರೆ. ಒಬ್ಬರೇ ನಡೆಸುವ ಫೋರಂಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ಮಾರುಕಟ್ಟೆ ಪಾಲನ್ನು ನಾನಂತೂ ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ.

ದೀಪಾ

ಆಸರೆಯ ಮಾತು ಒಪ್ಪಿದೆ ಅರವಿಂದ್ ಅವರೇ. ಆದರೆ ಆ ಚಾರ್ಟ್ ಎಣಿಸುತ್ತಿರುವುದು ಬಳಸುವವರನ್ನೇ ಅಲ್ಲ.

ಸುಮಂಗಲಾ ಅವರೇ, ಎರಡೂ ಚಾರ್ಟ್ ನಿಜವಾಗಿರಬಹುದು. ಶೇಕಡಾವಾರು ಅಂಕಿ ಕಂಡ ಕೂಡಲೇ ನಾನು ಕೇಳುವುದು, ಛೇದದಲ್ಲಿ ಏನಿದೆ ಅಂತ. ಯಾವ ಸೈಟ್ ಯಾವ ತಂತ್ರಾಂಶ ಬಳಸುತ್ತದೆ ಎಂದು ಎಣಿಸುವ ಡಬ್ಲ್ಯೂ3ಟೆಕ್ಸ್ ಪ್ರತಿ ತಂತ್ರಾಂಶಕ್ಕೂ ಎರಡು ಅಂಕಿ ಕೊಡುತ್ತದೆ: ಪರಿಶೀಲಿಸಿದ ಎಲ್ಲ ಸೈಟುಗಳಲ್ಲಿ ಎಷ್ಟು, ಮತ್ತು ಯಾವ ಸಿಎಂಎಸ್ (ಸೈಟಿನ ಬರಹಗಳನ್ನು ನಿರ್ವಹಿಸುವ ತಂತ್ರಾಂಶ) ಎಂದು ಗುರುತು ಸಿಕ್ಕ ಸೈಟುಗಳಲ್ಲಿ ಮಾತ್ರ ಎಷ್ಟು. ಎರಡನೆಯದು ಯಾವಾಗಲೂ ದೊಡ್ಡದು. ಪೈ ಚಾರ್ಟ್ ಮಾಡುವವರು ಒಂದೊಂದು ತಂತ್ರಾಂಶಕ್ಕೆ ಒಂದೊಂದು ಕಡೆಯಿಂದ ಅಂಕಿ ಹೆಕ್ಕಿದರೆ ಆ ಚಾರ್ಟ್ ಅಲ್ಲಿಗೇ ಕೆಟ್ಟಿತು.

ಮುಖ್ಯವಾದದ್ದು ಸಬ್‌ಡೊಮೇನ್, ಅಂದರೆ ಮುಖ್ಯ ಸೈಟಿನ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿ ಮಾಡಿದ ವಿಳಾಸ. ಡಬ್ಲ್ಯೂ3ಟೆಕ್ಸ್ ಸಬ್‌ಡೊಮೇನನ್ನು ಬೇರೆ ಸೈಟ್ ಎಂದು ಎಣಿಸುವುದಿಲ್ಲ. ಈಗ ಯೋಚಿಸಿ, ಡಿಸ್ಕೋರ್ಸ್ ಸಾಮಾನ್ಯವಾಗಿ ಎಲ್ಲಿರುತ್ತದೆ? ಪೈಥಾನ್ ಸಮುದಾಯದ ಚರ್ಚೆ ನಡೆಯುವುದು ಅವರ ಮುಖ್ಯ ಸೈಟಿನ 'ಡಿಸ್ಕಸ್' ಎಂಬ ಸಬ್‌ಡೊಮೇನಿನಲ್ಲಿ. ಉಬುಂಟು, ಮೊಝಿಲ್ಲಾ ಕೂಡ ಹಾಗೆಯೇ ಸಬ್‌ಡೊಮೇನಿನಲ್ಲಿ ಇಟ್ಟುಕೊಂಡಿವೆ. ಹಳೆಯ ಪಿಎಚ್‌ಪಿಬಿಬಿ ಫೋರಂಗಳಲ್ಲಿ ಎಷ್ಟೋ ಸ್ವಂತ ಡೊಮೇನಿನಲ್ಲೇ ಇದ್ದವು. ಎಣಿಸುವ ಪದ್ಧತಿಯೇ ಒಂದನ್ನು ಕಾಣಿಸಿ ಇನ್ನೊಂದನ್ನು ಮರೆಮಾಡುತ್ತಿದೆ. ಬಿಬಿಪ್ರೆಸ್ ಎಂಬ ಇನ್ನೊಂದು ಫೋರಂ ತಂತ್ರಾಂಶ ಇನ್ನೂ ಪಾಪ. ಅದು ವರ್ಡ್‌ಪ್ರೆಸ್‌ನ ಪ್ಲಗಿನ್, ಸಿಎಂಎಸ್ ಪಟ್ಟಿಯಲ್ಲಿ ಅದರ ಲೆಕ್ಕ ವರ್ಡ್‌ಪ್ರೆಸ್‌ಗೇ ಹೋಗುತ್ತದೆ.

ಇಂಥದ್ದೇ ಲೆಕ್ಕ ಇಡುವ ಬಿಲ್ಟ್‌ವಿತ್‌ನಲ್ಲಿ ಈಗ ಜೀವಂತವಿರುವ ಸೈಟುಗಳ ಎಣಿಕೆ ಬೇರೆ, ಹಿಂದೆಂದೋ ಬಳಸಿ ಬಿಟ್ಟವರ ಎಣಿಕೆ ಬೇರೆ. ಎರಡನ್ನೂ ಕೂಡಿಸಿ ಚಾರ್ಟ್ ಬರೆದರೆ ಹಳೆಯ ತಂತ್ರಾಂಶವೇ ಗೆಲ್ಲುತ್ತದೆ, ಇಪ್ಪತ್ತು ವರ್ಷದ ಹೆಜ್ಜೆಗುರುತು ಅದಕ್ಕಿದೆಯಲ್ಲ. ನಿಮ್ಮ ಮೊದಲ ಚಾರ್ಟಿನ ಕೆಳಗೆ ಏನು ಬರೆದಿದೆ ಸ್ವಲ್ಪ ನೋಡಿ ಹೇಳುತ್ತೀರಾ?

ಸುಮಂಗಲಾ

ನೋಡಿದೆ. ಆಕರ ಇಲ್ಲ, ತಾರೀಕೂ ಇಲ್ಲ. ಎರಡನೆಯದರಲ್ಲಿ "ಗೂಗಲ್ ಟ್ರೆಂಡ್ಸ್ ಆಧಾರಿತ" ಎಂದಿದೆ.

ದೀಪಾ

ಹಾಗಾದರೆ ಎರಡನೆಯದನ್ನು ಈಗಲೇ ಪಕ್ಕಕ್ಕಿಡಿ. 'ಡಿಸ್ಕೋರ್ಸ್' ಇಂಗ್ಲಿಷಿನ ಸಾಮಾನ್ಯ ಪದ. ಭಾಷಾಶಾಸ್ತ್ರದ ವಿದ್ಯಾರ್ಥಿ ಹುಡುಕಿದ್ದೂ ಅದರಲ್ಲಿ ಸೇರುತ್ತದೆ. 'ಪಿಎಚ್‌ಪಿಬಿಬಿ' ಎಂಬ ಪದಕ್ಕೆ ಬೇರೆ ಅರ್ಥವೇ ಇಲ್ಲ. ಈ ಎರಡು ಹುಡುಕಾಟಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು.

ಅರವಿಂದ್

ಸರಿ, ಆ ಎರಡು ಚಾರ್ಟ್ ಬಿಡೋಣ. ಆದರೆ ಪದ್ಧತಿಯಲ್ಲಿ ದೋಷವಿದ್ದರೂ ಪ್ರತಿ ವರ್ಷ ಅದೇ ಪದ್ಧತಿ ತಾನೇ? ಏರಿತೋ ಇಳಿಯಿತೋ ಎಂಬುದಾದರೂ ಗೊತ್ತಾಗಬೇಕಲ್ಲ. ತಕ್ಕಡಿ ನೂರು ಗ್ರಾಂ ಹೆಚ್ಚು ತೋರಿಸಿದರೂ ಮಗು ದಪ್ಪಗಾಯಿತೋ ಇಲ್ಲವೋ ತಿಳಿಯುತ್ತದೆ.

ದೀಪಾ

ತಕ್ಕಡಿ ಬದಲಾಗದಿದ್ದರೆ ನಿಮ್ಮ ಮಾತು ಸರಿ. ಡಬ್ಲ್ಯೂ3ಟೆಕ್ಸ್ ಮೊದಲು ಜನಪ್ರಿಯ ಸೈಟುಗಳ ಅಲೆಕ್ಸಾ ಪಟ್ಟಿಯಿಂದ ಸೈಟುಗಳನ್ನು ಆರಿಸುತ್ತಿತ್ತು. 2022ರ ಮೇನಲ್ಲಿ ಅಲೆಕ್ಸಾ ರ‍್ಯಾಂಕಿಂಗ್ ನಿಂತಿತು, ಆಮೇಲೆ ಅದರ ಜಾಗಕ್ಕೆ ಟ್ರಾಂಕೋ ಎಂಬ ಬೇರೆ ಪಟ್ಟಿ ಬಂತು. ಅಂದರೆ ಅಳೆಯಲ್ಪಡುವ ಸೈಟುಗಳೇ ಬದಲಾದವು. ಆ ಗಡಿ ದಾಟಿ ಎಳೆದ ಗೆರೆ ಏರಿದರೂ ಇಳಿದರೂ ಕಾರಣ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ವೆಬ್ ಸರ್ವರ್‌ಗಳ ಲೆಕ್ಕದಲ್ಲಿ ಇದಕ್ಕೊಂದು ಒಳ್ಳೆಯ ಪಾಠವಿದೆ. 2006ರಲ್ಲಿ ನೆಟ್‌ಕ್ರಾಫ್ಟ್ ಕಂಪನಿಯ ಸಮೀಕ್ಷೆಯಲ್ಲಿ ಅಪಾಚೆ ಎಂಬ ಸರ್ವರ್ ತಂತ್ರಾಂಶದ ಪಾಲು ಒಂದೇ ತಿಂಗಳಲ್ಲಿ ಕುಸಿದು ಮೈಕ್ರೋಸಾಫ್ಟ್‌ನ ಐಐಎಸ್ ಪಾಲು ಜಿಗಿಯಿತು. ಲಕ್ಷಾಂತರ ಅಡ್ಮಿನ್‌ಗಳು ಕೂತು ಯೋಚಿಸಿ ಬದಲಾಯಿಸಿದ್ದಲ್ಲ. ಡೊಮೇನ್ ಮಾರುವ ಗೋಡ್ಯಾಡಿ ಎಂಬ ಒಂದೇ ಕಂಪನಿ ತನ್ನಲ್ಲಿದ್ದ ಪಾರ್ಕ್ ಮಾಡಿದ ಡೊಮೇನ್‌ಗಳನ್ನು, ಅಂದರೆ ಒಳಗೆ ಏನೂ ಇಲ್ಲದ ಪುಟಗಳನ್ನು, ಒಂದರಿಂದ ಇನ್ನೊಂದಕ್ಕೆ ಸಾಗಿಸಿತ್ತು. ಚಟುವಟಿಕೆಯಿರುವ ಸೈಟುಗಳ ಎಣಿಕೆಯನ್ನು ನೆಟ್‌ಕ್ರಾಫ್ಟ್ ಪ್ರತ್ಯೇಕವಾಗಿ ಕೊಡುವುದು ಇಂಥದ್ದಕ್ಕೇ. ಫೋರಂ ಚಾರ್ಟುಗಳಲ್ಲಿ ಅಂಥ ಎಣಿಕೆ ನನಗೆಲ್ಲೂ ಕಂಡಿಲ್ಲ. ಅಡ್ಮಿನ್ ಬಿಟ್ಟುಹೋಗಿ ಸ್ಪ್ಯಾಮ್ ತುಂಬಿಕೊಂಡ ಬೋರ್ಡೂ ಒಂದೇ, ದಿನಕ್ಕೆ ಸಾವಿರ ಪೋಸ್ಟ್ ಬೀಳುವ ಬೋರ್ಡೂ ಒಂದೇ.

ಹಳೇ ಅಡ್ಮಿನ್

ಅರವಿಂದ್, ದೊಡ್ಡ ಪಾಲಿಗೆ ಇನ್ನೊಂದು ಮುಖವೂ ಇದೆ. 2004ರ ಡಿಸೆಂಬರ್‌ನಲ್ಲಿ ಸ್ಯಾಂಟಿ ಎಂಬ ವರ್ಮ್, ಅಂದರೆ ತಾನಾಗಿಯೇ ಹರಡುವ ಕೆಡುಕಿನ ಪ್ರೋಗ್ರಾಂ, ಬಂತು. ಅದು ಗೂಗಲ್‌ನಲ್ಲೇ ಹುಡುಕಿ ಪಿಎಚ್‌ಪಿಬಿಬಿ ಬೋರ್ಡ್‌ಗಳನ್ನು ಪತ್ತೆ ಹಚ್ಚಿ ಕೆಡಿಸುತ್ತಿತ್ತು. ಕೊನೆಗೆ ಗೂಗಲ್ ಆ ಹುಡುಕಾಟವನ್ನೇ ತಡೆಯಬೇಕಾಯಿತು. ತಂತ್ರಾಂಶದವರು ತಪ್ಪು ಮಾಡಿ ಸುಮ್ಮನಿದ್ದರು ಎನ್ನುವಂತಿಲ್ಲ, ಸರಿಪಡಿಸಿದ 2.0.11 ಆವೃತ್ತಿ ನವೆಂಬರ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಾನು ಹಾಕಿಕೊಂಡಿರಲಿಲ್ಲ. ಎರಡು ವರ್ಷದ ಚರ್ಚೆಗಳು ಹೋದವು, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಪಾಲು ಹೇಳುವುದು ನಿನ್ನೆಯ ಕಥೆ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳಲ್ಲಿ ಒಂದು ಕಾಲಕ್ಕೆ ವಿಬುಲೆಟಿನ್ ಹೆಸರೇ ಹೆಸರು. 2007ರಲ್ಲಿ ಇಂಟರ್ನೆಟ್ ಬ್ರ್ಯಾಂಡ್ಸ್ ಅದನ್ನು ಕೊಂಡಿತು. ಅದನ್ನು ಕಟ್ಟಿದ ಮುಖ್ಯ ಡೆವಲಪರ್‌ಗಳು ಹೊರಬಂದು 2010ರಲ್ಲಿ ಝೆನ್‌ಫೋರೋ ಎಂಬ ಹೊಸ ಫೋರಂ ತಂತ್ರಾಂಶ ತಂದರು. ಜ್ಞಾನ ಅತ್ತ ಹೋಗಿತ್ತು, ಆದರೆ ಹಳೆಯ ಫೋರಂಗಳು ಅಷ್ಟು ಬೇಗ ಮನೆ ಬದಲಿಸುವುದಿಲ್ಲವಲ್ಲ, ಚಾರ್ಟ್ ಇತ್ತಲೇ ತೋರಿಸುತ್ತದೆ. ಆ ದಿನಗಳಲ್ಲಿ ನೋಡಬೇಕಾಗಿದ್ದದ್ದು ಕೋಡ್ ಬರೆಯುವವರು ಎಲ್ಲಿದ್ದಾರೆ ಎಂಬುದನ್ನು.

ಅರವಿಂದ್

ಸ್ಯಾಂಟಿಯ ಉದಾಹರಣೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ ಸರ್. ಬಳಸುವವರು ಹೆಚ್ಚಿದ್ದಕ್ಕೇ ದೋಷ ಬೇಗ ಕಣ್ಣಿಗೆ ಬಿತ್ತು, ವರ್ಮ್‌ಗಿಂತ ಮೊದಲೇ ಪರಿಹಾರ ಬಂತು. ನೂರು ಜನ ಬಳಸುವ ತಂತ್ರಾಂಶದಲ್ಲಿ ಅಂಥದ್ದೇ ತೂತು ವರ್ಷಗಟ್ಟಲೆ ಯಾರಿಗೂ ಕಾಣದೆ ಉಳಿಯಬಹುದು.

ಆದರೂ ದೀಪಾ ಅವರ ಸಬ್‌ಡೊಮೇನ್ ಮಾತನ್ನು ನಾನು ಯೋಚಿಸಿರಲಿಲ್ಲ, ಒಪ್ಪಿದೆ. ಒಂದು ಮಟ್ಟ ದಾಟಿದ ಮೇಲೆ ಯಾರು ಮೊದಲು, ಯಾರು ಮೂರನೆಯವರು ಎಂಬುದು ನನಗೂ ಮುಖ್ಯವಲ್ಲ. ಆ ಮಟ್ಟವನ್ನು ಪಿಎಚ್‌ಪಿಬಿಬಿ, ಡಿಸ್ಕೋರ್ಸ್, ಝೆನ್‌ಫೋರೋ ಮೂರೂ ದಾಟಿವೆ.

ನಂದೀಶ್

ನಾನು ಪಿಎಚ್‌ಪಿಬಿಬಿಯಿಂದ ಡಿಸ್ಕೋರ್ಸ್‌ಗೆ ಬಂದವನು, ಅನುಭವ ಹೇಳುತ್ತೇನೆ. ಡಿಸ್ಕೋರ್ಸ್ ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದರೆ ಹಲವರು ಹಂಚಿಕೊಳ್ಳುವ ಸರ್ವರ್‌ನಲ್ಲಿ, ಕೂರುವುದಿಲ್ಲ. ಸ್ವಂತ ಸರ್ವರ್, ತಂತ್ರಾಂಶವನ್ನು ಪೊಟ್ಟಣ ಕಟ್ಟಿ ಓಡಿಸುವ ಡಾಕರ್, ಕನಿಷ್ಠ 1 ಜಿಬಿ ರ‍್ಯಾಮ್ ಜೊತೆಗೆ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ), ಸರಿಯಾಗಿ ಮೇಲ್ ಕಳಿಸುವ ವ್ಯವಸ್ಥೆ, ಇಷ್ಟೂ ಬೇಕು. ಮೊಬೈಲಿನಲ್ಲಿ ಓದುವುದು ಬಹಳ ಸುಲಭವಾಯಿತು, ಸ್ಪ್ಯಾಮ್ ಕಾಟ ಇಳಿಯಿತು. ಆದರೆ ಪುಟ ಸಂಖ್ಯೆ ಇಲ್ಲದೆ ಕೆಳಗೆ ಉರುಳುತ್ತಲೇ ಹೋಗುವ ಚರ್ಚೆ ನಮ್ಮ ಹಿರಿಯ ಸದಸ್ಯರಿಗೆ ಹಿಡಿಸಲಿಲ್ಲ. ಮೂರ್ನಾಲ್ಕು ಜನ ಬರುವುದನ್ನೇ ಬಿಟ್ಟರು, ಅದರ ಬೇಸರ ನನಗೆ ಈಗಲೂ ಇದೆ.

ಸಾಗಿಸಲು ಡಿಸ್ಕೋರ್ಸ್‌ನಲ್ಲೇ ಪಿಎಚ್‌ಪಿಬಿಬಿ 3ಕ್ಕೆಂದು ಇಂಪೋರ್ಟ್ ಸ್ಕ್ರಿಪ್ಟ್ ಇದೆ. ಪಾಸ್‌ವರ್ಡ್ ಮಾತ್ರ ತಾನಾಗಿ ಬರುವುದಿಲ್ಲ. ಒಂದು ಪ್ಲಗಿನ್ ಹಾಕಬೇಕು, ಇಲ್ಲವೇ ಎಲ್ಲರೂ ಮೇಲ್ ಮೂಲಕ ಹೊಸದು ಇಟ್ಟುಕೊಳ್ಳಬೇಕು. ಹದಿನೈದು ವರ್ಷ ಹಳೆಯ ಮೇಲ್ ವಿಳಾಸಗಳಲ್ಲಿ ಎಷ್ಟು ಬದುಕಿವೆಯೋ ಮೊದಲೇ ನೋಡಿಕೊಳ್ಳಿ.

ಸುಮಂಗಲಾ

ನಮ್ಮಲ್ಲಿ ಬರೆಯುವವರಲ್ಲಿ ಬಹಳ ಜನ ಅರವತ್ತು ದಾಟಿದವರು. ಶಟರ್ ಹೇಗೆ ಬಿಚ್ಚಬೇಕೆಂದು ಹಂತಹಂತವಾಗಿ ಬರೆದಿಟ್ಟಿರುವವರೇ ಅವರು. ಅವರು ಬಿಟ್ಟುಹೋದರೆ ಫೋರಂ ಇದ್ದು ಏನು ಮಾಡಲಿ? ಹಾಗಾಗಿ ಮೊದಲು 3.3ಕ್ಕೆ ಏರಿಸುವುದು ಎಂದು ಮನಸ್ಸು ಮಾಡಿದ್ದೇನೆ. ಚಾರ್ಟ್ ನೋಡಿ ಮಾಡಿದ ತೀರ್ಮಾನವಲ್ಲ ಎಂದು ಮಾಡರೇಟರ್‌ಗಳಿಬ್ಬರಿಗೂ ಹೇಳಿದ್ದೇನೆ. ನಾವು ಹಾಕಿಕೊಂಡಿದ್ದ ಮಾಡ್‌ಗಳು, ಅಂದರೆ ಹೆಚ್ಚುವರಿ ಸೌಲಭ್ಯಗಳು, ಬರುತ್ತವೆಯೇ?

ಅರವಿಂದ್

ಬರುವುದಿಲ್ಲ ಮೇಡಂ. 3.0 ಕಾಲದ ಮಾಡ್‌ಗಳು ಮೂಲ ಫೈಲುಗಳನ್ನೇ ತಿದ್ದುತ್ತಿದ್ದವು. 3.1ರಿಂದ ಮೂಲ ಫೈಲು ಮುಟ್ಟದೆ ಸೇರಿಸುವ ಎಕ್ಸ್‌ಟೆನ್ಶನ್ ಪದ್ಧತಿ ಬಂತು. ಪ್ರತಿಯೊಂದಕ್ಕೂ ಬದಲಿ ಎಕ್ಸ್‌ಟೆನ್ಶನ್ ಇದೆಯೇ ಎಂದು ಪಟ್ಟಿ ಮಾಡಿಕೊಳ್ಳಿ. ಸ್ಟೈಲ್, ಅಂದರೆ ಬೋರ್ಡಿನ ಹೊರನೋಟ, ಕೂಡ ಹೊಸದೇ ಬೇಕು. ಪಟ್ಟಿ ಇಲ್ಲಿ ಹಾಕಿದರೆ ನಾನೂ ಕೂತು ಹುಡುಕುತ್ತೇನೆ.

ಹಳೇ ಅಡ್ಮಿನ್

ಇನ್ನೊಂದು ಮಾತು, ಮರೆಯಬೇಡಿ. ಡೇಟಾಬೇಸ್ ನಕಲು ತೆಗೆದುಕೊಂಡರೆ ಎಲ್ಲ ಬಂತು ಎಂದುಕೊಳ್ಳಬೇಡಿ. ಪಿಎಚ್‌ಪಿಬಿಬಿಯಲ್ಲಿ ಸದಸ್ಯರು ಲಗತ್ತಿಸಿದ ಚಿತ್ರಗಳು 'ಫೈಲ್ಸ್' ಎಂಬ ಫೋಲ್ಡರಿನಲ್ಲಿ ಇರುತ್ತವೆ, ಅದೂ ಗುರುತು ಸಿಗದ ಹೆಸರಿನಲ್ಲಿ. ಯಾವ ಚಿತ್ರ ಯಾವ ಪೋಸ್ಟಿನದು ಎಂಬುದು ಡೇಟಾಬೇಸ್‌ನಲ್ಲಿ. ಎರಡರಲ್ಲಿ ಒಂದು ತಪ್ಪಿದರೂ ಆ ಶಟರ್ ಬಿಚ್ಚುವ ಚಿತ್ರಗಳು ಹೋದವೆಂದೇ ಲೆಕ್ಕ. ಎರಡನ್ನೂ ಒಂದೇ ದಿನ, ಬೋರ್ಡ್ ಬಂದ್ ಮಾಡಿ ನಕಲು ತೆಗೆಯಿರಿ. ಬೇರೆ ಕಡೆ ಹಾಕಿ ತೆರೆದು ನೋಡಿ, ಆಮೇಲೆ ಮೂಲಕ್ಕೆ ಕೈ ಹಾಕಿ.

ಸುಮಂಗಲಾ

ಈ ಭಾನುವಾರ ಬೋರ್ಡ್ ಬಂದ್ ಎಂದು ಸದಸ್ಯರಿಗೆ ಈಗಷ್ಟೇ ಪ್ರಕಟಣೆ ಹಾಕಿದೆ. ಮಾಡ್‌ಗಳ ಪಟ್ಟಿ ನಾಳೆ ಸಂಜೆ ಇಲ್ಲೇ ಹಾಕುತ್ತೇನೆ ಅರವಿಂದ್.