ಮನೆಯಲ್ಲೇ ಕಾರಿಗೆ ಬಣ್ಣ: ಬಾನೆಟ್, ಬಾಗಿಲು ತಯಾರು ಮಾಡೋದು ಹೇಗೆ?

ಗಂಗಾವತಿ_ಆಲ್ಟೊ:
ಹಳೆ ಆಲ್ಟೊ, ಸಿಲ್ವರ್ ಬಣ್ಣ. ಬಾನೆಟ್ ಮೇಲಿನ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಹಪ್ಪಳದಂಗೆ ಏಳ್ತಿದೆ. ಎಡಗಡೆ ಬಾಗಿಲಿನ ಕೆಳ ಅಂಚಿಗೆ ಜಂಗು ಹಿಡಿದಿದೆ. ಹಿಂದಿನ ಫೆಂಡರ್‌ಗೆ ಮೊದಲೇ ಯಾರೋ ಪುಟ್ಟಿ ಹಾಕಿ ಬಣ್ಣ ಹೊಡೆದಿದ್ದಾರೆ. ಕಂಪ್ರೆಸರ್, ಗನ್ ಎರಡೂ ಇವೆ. ಪ್ರೈಮರ್‌ವರೆಗಿನ ಕೆಲಸ ಯಾವ ಕ್ರಮದಲ್ಲಿ ಮಾಡಬೇಕು? ಯಾವ ನಂಬರಿನ ಪೇಪರ್ ತರಲಿ? ಬೋರ್ ನೀರಲ್ಲೇ ತಿಕ್ಕಬಹುದಾ?

ಬಳ್ಳಾರಿ_ಡೆಂಟಿಂಗ್:
ಸರ, ಪೇಪರ್ ಮುಟ್ಟೋಕೆ ಮೊದಲು ಗಾಡಿ ತೊಳೆದು, ವ್ಯಾಕ್ಸ್-ಗ್ರೀಸ್ ರಿಮೂವರ್‌ನಿಂದ ಒರೆಸಿರಿ. ಮೊದಲೇ ತಿಕ್ಕಿದರೆ ಪಾಲಿಶ್‌ನ ಸಿಲಿಕೋನ್ ಗೀರುಗಳೊಳಗೆ ಕೂತುಬಿಡುತ್ತೆ, ಬಣ್ಣ ಹೊಡೆದಾಗ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಒಂದು ಬಟ್ಟೆ ರಿಮೂವರ್‌ನಲ್ಲಿ ನೆನೆಸಿದ್ದು, ಇನ್ನೊಂದು ಒಣದ್ದು. ಹಚ್ಚಿದ್ದು ಆರುವ ಮೊದಲೇ ಒಣ ಬಟ್ಟೆಯಿಂದ ಎತ್ತಬೇಕು. ನಮ್ಮ ಕಡೆ ಬಿಸಿಲಿಗೆ ಒಂದೊಂದು ಅಡಿ ಜಾಗ ಮಾತ್ರ ಹಿಡೀರಿ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ, ಎಣ್ಣೆ ಪೊರೆ ಉಳಿಯುತ್ತೆ.

ಫೆಂಡರ್‌ನ ಹಳೆ ಬಣ್ಣವನ್ನ ಪರೀಕ್ಷೆ ಮಾಡಿರಿ. ಥಿನ್ನರ್ ಹಾಕಿದ ಬಟ್ಟೆಯಿಂದ ಮೂಲೆಯಲ್ಲಿ ತಿಕ್ಕಿ ನೋಡಿರಿ. ಬಣ್ಣ ಬಟ್ಟೆಗೆ ಹತ್ತಿ ಕರಗಿದರೆ ಅದು ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್. ಅದರ ಮೇಲೆ 2ಕೆ, ಅಂದರೆ ಹಾರ್ಡನರ್ ಬೆರೆಸುವ ಬಣ್ಣ ಹೊಡೆದರೆ ಸುಕ್ಕಾಗಿ ಎದ್ದು ಬರುತ್ತೆ. ಅದನ್ನ ಪೂರ್ತಿ ತೆಗೆಯೋದೇ ಒಳ್ಳೇದು.

ಬಾನೆಟ್ ಮೇಲೆ ಎದ್ದ ಕ್ಲಿಯರ್ ಕೋಟ್ ಗಟ್ಟಿಯಾಗಿ ಕಂಡರೂ ಬಿಡಬೇಡಿ. ಪಿ180 ಪೇಪರ್‌ನಿಂದ (ನಂಬರ್ ಸಣ್ಣದಾದಷ್ಟೂ ಪೇಪರ್ ಒರಟು) ತಿಕ್ಕಿ, ಅಂಚು ಬೆರಳಿಗೆ ತಾಗದ ಹಾಗೆ ಇಳಿಸಿರಿ, ಆಮೇಲೆ ಪಿ320. ಜಂಗಿದ್ದಲ್ಲಿ ಪಿ80ರಿಂದ ಹೊಳೆಯುವ ಲೋಹ ಕಾಣೋ ತನಕ ತಿಕ್ಕಬೇಕು. ಕಪ್ಪು ಚುಕ್ಕೆ ಉಳಿದರೆ ಜಂಗು ಉಳಿದಂತೆಯೇ. ಪಿ80ರಿಂದ ನೇರವಾಗಿ ಪಿ400ಕ್ಕೆ ಹಾರಬೇಡಿ. ಆಳದ ಗೀರುಗಳನ್ನ ಪ್ರೈಮರ್ ಅವತ್ತಿಗೆ ಮುಚ್ಚುತ್ತೆ, ತಿಂಗಳಾದ ಮೇಲೆ ಅವು ಬಣ್ಣದೊಳಗಿಂದ ಎದ್ದು ಕಾಣ್ತವೆ.

ಬರಿ ಲೋಹವನ್ನ ಒಂದು ರಾತ್ರಿಯೂ ತೆರೆದಿಡಬೇಡಿ. ಅದೇ ದಿನ ಜಂಗು ತಡೆಯುವ ಎಪಾಕ್ಸಿ ಪ್ರೈಮರ್ ಹೊಡೆದು, ಪುಟ್ಟಿ ಅದರ ಮೇಲೆ ಹಾಕಿರಿ. ಎಚಿಂಗ್ (etch) ಪ್ರೈಮರ್ ಮೇಲೆ ಮಾತ್ರ ಪಾಲಿಯೆಸ್ಟರ್ ಪುಟ್ಟಿ (ಹಾರ್ಡನರ್ ಕಲಸುವ ಪುಟ್ಟಿ) ಹಾಕಬೇಡಿ, ಆಸಿಡ್ ಇರೋದರಿಂದ ಹಿಡಿತ ಬರಲ್ಲ.

ರಾಯಚೂರು_ಪೇಂಟ್ಸ್:
ಮೇಲಿನವರು ಹೇಳಿದ್ದು ಸರಿ. ನೀರಿನ ವಿಷಯ ನಾನು ಸೇರಿಸ್ತೀನಿ, ಇಲ್ಲೇ ಹೆಚ್ಚಿನವರ ಕೆಲಸ ಕೆಡೋದು.

ಪಾಲಿಯೆಸ್ಟರ್ ಪುಟ್ಟಿಯನ್ನ ನೀರು ಹಾಕಿ ತಿಕ್ಕಲೇಬೇಡಿ, ಸ್ಪಂಜಿನ ಹಾಗೆ ನೀರು ಹೀರುತ್ತೆ. ಮೇಲೆ ಪ್ರೈಮರ್ ಮುಚ್ಚಿದ ಮೇಲೆ ಆ ನೀರು ಬಿಸಿಲಿಗೆ ಗುಳ್ಳೆಯಾಗಿ ಏಳುತ್ತೆ, ಕೆಳಗೆ ಜಂಗೂ ಶುರು. ಪುಟ್ಟಿಗೆ ಒಣ ತಿಕ್ಕಾಟವೇ: ಪಿ80, ಪಿ120, ಪಿ180, ಗಟ್ಟಿ ಬ್ಲಾಕ್ ಇಟ್ಟು. ಬರಿಗೈಲಿ ತಿಕ್ಕಿದರೆ ಬೆರಳುಗಳ ಏರಿಳಿತ ಸಿಲ್ವರ್ ಬಣ್ಣದಲ್ಲಿ ಚೆನ್ನಾಗಿ ಕಾಣುತ್ತೆ.

ಬೋರ್ ನೀರಿನ ಉಪ್ಪೂ ಅಷ್ಟೇ ಕೆಟ್ಟದ್ದು. ಆರಿದ ಮೇಲೆ ಉಳಿಯುವ ಬಿಳಿ ಕಲೆಯ ಮೇಲೆ ಬಣ್ಣ ಹೊಡೆದರೆ, ಮಳೆಗಾಲದಲ್ಲಿ ಆ ಉಪ್ಪು ತೇವ ಎಳೆದುಕೊಂಡು ಬಣ್ಣವನ್ನ ಎತ್ತುತ್ತೆ. ಪ್ರೈಮರ್ ಮೇಲಿನ ವಾಟರ್ ಪೇಪರ್ ಕೆಲಸಕ್ಕೆ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತನ್ನಿ, ಸಾಕು.

ಪುಟ್ಟಿ 100 ಗ್ರಾಂಗೆ ಹಾರ್ಡನರ್ 2 ಗ್ರಾಂ. ಏಪ್ರಿಲ್-ಮೇ ಬಿಸಿಲಲ್ಲಿ 1.5 ಗ್ರಾಂಗೆ ಇಳಿಸಬಹುದು, ಇನ್ನೂ ಕಡಿಮೆ ಮಾಡಿದರೆ ಒಳಗೆ ಹಸಿಯಾಗಿ ಉಳಿಯುತ್ತೆ. ಜಾಸ್ತಿ ಹಾಕಿದರೆ ಹಾರ್ಡನರ್ ಮೇಲಿನ ಬಣ್ಣಕ್ಕೆ ಇಳಿದು ಕಲೆ ಬರುತ್ತೆ. ಒಮ್ಮೆಗೆ ನಿಂಬೆಹಣ್ಣಿನಷ್ಟು ಮಾತ್ರ ಕಲಸಿರಿ. ಒಂದು ಪದರ 2-3 ಮಿಲಿಮೀಟರ್ ಮೀರಬಾರದು. ಟ್ಯೂಬಿನ ಎನ್‌ಸಿ ಪುಟ್ಟಿ ಸೂಜಿಮೊನೆಯಂಥ ತೂತುಗಳಿಗೆ ಮಾತ್ರ, ದಪ್ಪ ಹಾಕಿದರೆ ಕುಗ್ಗುತ್ತೆ.

ಗಂಗಾವತಿ_ಆಲ್ಟೊ:
ಜಂಗಿನ ಸಣ್ಣ ಗುಳಿಗಳಿಗೆ ರಸ್ಟ್ ಕನ್ವರ್ಟರ್ (ಜಂಗನ್ನ ಗಟ್ಟಿ ಪದರವಾಗಿಸುವ ದ್ರಾವಣ) ಹಚ್ಚಿ ಅದರ ಮೇಲೆ ಎಪಾಕ್ಸಿ ಹೊಡೀಬಹುದಾ? ಸರ್ಫೇಸರ್ (ಗೀರು ತುಂಬುವ ದಪ್ಪ ಪ್ರೈಮರ್) ಎಷ್ಟು ಬೇಕಾಗಬಹುದು? ಮನೆ ಹತ್ತಿರ ರೈಸ್ ಮಿಲ್ ಇದೆ, ಹೊಟ್ಟಿನ ಬೂದಿ ಹಾರ್ತದೆ.

ಬಳ್ಳಾರಿ_ಡೆಂಟಿಂಗ್:
ಕನ್ವರ್ಟರ್‌ನಲ್ಲಿ ಫಾಸ್ಫಾರಿಕ್ ಆಸಿಡ್ ಇದ್ದರೆ ಅದರ ಉಳಿಕೆ ಎಪಾಕ್ಸಿಗೆ ಆಗಿಬರಲ್ಲ. ಡಬ್ಬದ ಮೇಲೆ ಬರೆದ ಹಾಗೆ ಆ ಉಳಿಕೆ ತೆಗೆದು, ಪೂರ್ತಿ ಒಣಗಿಸಿ, ಮತ್ತೊಮ್ಮೆ ತಿಕ್ಕಿರಿ. ಆಗದಿದ್ದರೆ ವೈರ್ ಬ್ರಷ್‌ನಿಂದ ಕೆರೆದು ನೇರ ಎಪಾಕ್ಸಿಗೆ ಹೋಗಿ. ತೂತು ಬಿದ್ದಿದ್ದರೆ ಪುಟ್ಟಿ ನಿಲ್ಲಲ್ಲ, ತಗಡು ಕತ್ತರಿಸಿ ವೆಲ್ಡ್ ಮಾಡಿಸಿ.

ಬಾನೆಟ್, ಬಾಗಿಲು, ಫೆಂಡರ್‌ಗೆ ಎರಡು-ಮೂರು ಕೋಟ್‌ಗೆ ಹಾರ್ಡನರ್ ಸೇರಿ ಒಂದು ಲೀಟರ್ 2ಕೆ ಸರ್ಫೇಸರ್ ತನ್ನಿ. ಅಳತೆ ಡಬ್ಬದ ಮೇಲಿನದ್ದೇ ಹಿಡೀರಿ, ಕಣ್ಣಂದಾಜು ಬೇಡ. ಥಿನ್ನರ್ ಬೇಸಿಗೆಗೆ ನಿಧಾನ ಆರುವಂಥದ್ದು, ಇಲ್ಲದಿದ್ದರೆ ಗನ್ನಿಂದ ಹೊರಟ ಹನಿ ಗಾಳಿಯಲ್ಲೇ ಒಣಗಿ ಮರಳಿನಂತೆ ಬೀಳುತ್ತೆ. ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ, ಬಾನೆಟ್ ಮುಟ್ಟಿದರೆ ತಣ್ಣಗಿರುವಾಗ ಹೊಡೀರಿ. ಬೂದಿಗೆ ಶೀಟ್ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ, ಮಿಲ್ ನಿಂತಿರುವ ದಿನ ನೋಡಿಕೊಳ್ಳಿ.

ಸರ್ಫೇಸರ್ ಆರಿದ ಮೇಲೆ ಕಪ್ಪು ಸ್ಪ್ರೇಯನ್ನ ಮಂಜಿನಂತೆ ಹೊಡೆದು ಪಿ400ರಿಂದ ತಿಕ್ಕಿರಿ. ಕಪ್ಪು ಉಳಿದ ಕಡೆ ತಗ್ಗಿದೆ ಅಂತ ಅರ್ಥ. ಸಿಲ್ವರ್‌ಗೆ ಕೊನೆಗೆ ಪಿ600, ಆಮೇಲೆ ಪಿ800.

ರಾಯಚೂರು_ಪೇಂಟ್ಸ್:
2ಕೆ ಹಾರ್ಡನರ್‌ನಲ್ಲಿರುವ ಐಸೊಸೈನೇಟ್ ಅನ್ನೋ ರಾಸಾಯನಿಕ ಉಸಿರಾಟಕ್ಕೆ ಅಪಾಯ, ಅದನ್ನ ತಡೆಯೋಕೆ ಬಟ್ಟೆ ಮಾಸ್ಕ್ ಏನೂ ಸಾಲಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕೇ ಸರಿಯಾದದ್ದು. ಅದಿಲ್ಲದಿದ್ದರೆ ಮಾಸ್ಕ್‌ಗೆ ಆರ್ಗಾನಿಕ್ ವೇಪರ್ ಕಾರ್ಟ್ರಿಡ್ಜ್ (ರಾಸಾಯನಿಕ ಹಬೆ ಹೀರುವ ಡಬ್ಬಿ) ಹೊಸದು, ಬಣ್ಣದ ಹನಿ ತಡೆಯುವ ಫಿಲ್ಟರ್ ಸಮೇತ ಹಾಕಿ, ಬಯಲಲ್ಲೇ ಹೊಡೀರಿ. ಕನ್ನಡಕ, ಗ್ಲೌಸ್ ಇರಲಿ. ಉಬ್ಬಸ ಇರೋರು ಈ ಕೆಲಸಕ್ಕೆ ಇಳಿಯಲೇಬಾರದು. ಮಕ್ಕಳನ್ನ ಆ ಹೊತ್ತಿಗೆ ದೂರ ಕಳಿಸಿರಿ.