ಪದಚರ್ಚೆ: ‘ಸೂತ್ರಧಾರಿ’ ಗುಡಿ ಕಟ್ಟಿದವನೋ, ಸಂಚು ಹೂಡಿದವನೋ?

ಗೆಳೆಯರೇ, ನಮಸ್ಕಾರ.

ಹೋದ ತಿಂಗಳು ಶಾಲೆ ಮಕ್ಕಳನ್ನು ಕರೆದುಕೊಂಡು ಪಟ್ಟದಕಲ್ಲಿಗೆ ಹೋಗಿದ್ದೆ. ವಿರೂಪಾಕ್ಷ ಗುಡಿಯ ಮುಂದೆ ನಿಂತು, ‘ಇದನ್ನ ಮಾಡಿಸಿದವಳು ರಾಣಿ ಲೋಕಮಹಾದೇವಿ, ಸೂತ್ರಧಾರಿ ಗುಂಡ’ ಅಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು, ‘ಅವನೇನು ತಪ್ಪು ಮಾಡಿದ್ದ ಸರ್?’ ಅಂತ ಕೇಳಿದಳು. ನಗು ಬಂತು. ಆದರೆ ಅವಳದೇನು ತಪ್ಪು? ದಿನಾ ಟೀವಿಯಲ್ಲಿ ಕೇಳೋದು ಕೊಲೆಯ ಸೂತ್ರಧಾರಿ, ಹಗರಣದ ಸೂತ್ರಧಾರಿ ಇವರನ್ನೇ ಅಲ್ವಾ.

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ, ಸುಮಾರು 740ರ ಹೊತ್ತಿಗೆ ಎದ್ದ ಗುಡಿ ಇದು. ಆಗಿನ ಹೆಸರು ಲೋಕೇಶ್ವರ, ರಾಣಿಯ ಹೆಸರಿನದೇ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಸವತಿಯೂ ಆದ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷ ಗುಡಿಯ ಹಳಗನ್ನಡ ಶಾಸನದಲ್ಲಿ ಕಂಚಿಯನ್ನು ‘ಮೂಮೆ’ ಗೆದ್ದ ಅಂತಿದೆ. ಮೂಮೆ ಅಂದರೆ ಮೂರು ಸಲ. ಎಷ್ಟು ಚೆಂದದ ಪದ, ಸುಮ್ನೆ ಕಳೆದುಕೊಂಡೆವು. ಅದಿರಲಿ.

ಅದೇ ಶಾಸನದಲ್ಲಿ ಗುಡಿ ಕಟ್ಟಿದ ‘ಸೂತ್ರಧಾರಿ’ಗೆ ಪಟ್ಟ ಕಟ್ಟಿದ ಮಾತಿದೆ. ಗುಂಡನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಇನ್ನೊಂದು ಬರಹದಲ್ಲಿ ಸರ್ವಸಿದ್ಧಿ ಆಚಾರಿ ಎನ್ನುವವನನ್ನು ಹೊಗಳಿ, ಕೊನೆಗೆ ‘ತೆಂಕಣ ದಿಶೆಯ ಸೂತ್ರಧಾರಿ’ ಎಂದಿದ್ದಾರೆ. ಇಬ್ಬರೂ ಒಬ್ಬನೇ ಅನ್ನುವವರೂ ಇದ್ದಾರೆ. ತೆಂಕಣ ಅಂದರೆ ದಕ್ಷಿಣ, ಯಕ್ಷಗಾನದ ತೆಂಕುತಿಟ್ಟಿನ ತೆಂಕು. ಇದು ದಕ್ಷಿಣ ಸೀಮೆಯೋ, ದಕ್ಷಿಣದ ಕಟ್ಟಡ ಶೈಲಿಯೋ? ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ವಿರೂಪಾಕ್ಷ ದಕ್ಷಿಣದ, ಅಂದರೆ ದ್ರಾವಿಡ ಶೈಲಿಯದು. ಅದೇ ಬಯಲಲ್ಲಿ ಉತ್ತರದ ಶಿಖರ ಹೊತ್ತ ಗಳಗನಾಥ, ಕಾಶಿವಿಶ್ವನಾಥ ನಿಂತಿವೆ. ಅಂಥ ಊರಲ್ಲಿ ‘ನಾನು ತೆಂಕಣದವನು’ ಅಂತ ಹೇಳಿಕೊಳ್ಳುವುದಕ್ಕೆ ಒಂದು ತೂಕ ಇದೆ.

ಇನ್ನು ಆ ಸೂತ್ರ. ಮನೆಗೊಂದು ಕೋಣೆ ಹಾಕಿಸುವಾಗ ನೋಡಿದ್ದೆ. ಮೇಸ್ತ್ರಿ ಬಣ್ಣದ ಪುಡಿ ಮೆತ್ತಿದ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿದು, ನಡುವೆ ಎರಡು ಬೆರಳಲ್ಲಿ ಎತ್ತಿ ಪಟ್ ಅಂತ ಬಿಟ್ಟ. ನೆಲದ ಮೇಲೆ ನೇರವಾದ ಕೆಂಪು ಗೆರೆ. ಆಮೇಲೆ ಎಲ್ಲರೂ ಆ ಗೆರೆ ಹಿಡಿದೇ ಕೆಲಸ ಮಾಡಿದರು. ಸೂತ್ರ ಅಂದರೆ ಈ ದಾರವೇ, ಅದನ್ನು ಹಿಡಿದವನೇ ಸೂತ್ರಧಾರಿ. ಮರಾಠಿಯಲ್ಲಿ ಬಡಗಿಗೆ ಹೇಳುವ ‘ಸುತಾರ’ ಬಂದಿದ್ದೂ ಇದರಿಂದಲೇ. ಉತ್ತರ ಕರ್ನಾಟಕದಲ್ಲಿ ಅದು ಅಡ್ಡಹೆಸರಾಗಿ ಉಳಿದಿದೆ. ಅಂದಹಾಗೆ ನಮ್ಮ ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಪದ.

ಒಂದು ತೊಡಕಿದೆ. ಶಿಲ್ಪಶಾಸ್ತ್ರದ ಪುಸ್ತಕಗಳಲ್ಲಿ ಮೊದಲು ಸ್ಥಪತಿ ಅಂದರೆ ಮುಖ್ಯ ಶಿಲ್ಪಿ, ಅವನ ಕೆಳಗೆ ಸೂತ್ರಗ್ರಾಹಿ ಅಂದರೆ ದಾರ ಹಿಡಿಯುವವನು. ಪಟ್ಟದಕಲ್ಲಿನ ಸೂತ್ರಧಾರಿ ಮಾತ್ರ ಯಾರ ಕೈಕೆಳಗಿನವನ ಹಾಗೂ ಕಾಣುವುದಿಲ್ಲ. ರಾಜನೇ ಪಟ್ಟ ಕಟ್ಟಿದ್ದಾನೆ.

ಪೇಪರಿನವರ ಸೂತ್ರಧಾರಿ ಈ ದಾರದವನಲ್ಲ ಅನ್ನೋದು ನನ್ನ ಅನಿಸಿಕೆ. ಅವನು ಬೊಂಬೆಯಾಟದ ಕಡೆಯವನು, ಮರೆಯಲ್ಲಿ ನಿಂತು ದಾರ ಎಳೆಯುವವನು. ಕಟ್ಟುವವನ ದಾರ ಎಲ್ಲರ ಕಣ್ಣೆದುರೇ ಇರುತ್ತದೆ.

ಈಗ ನನ್ನ ಪ್ರಶ್ನೆ. ಮಕ್ಕಳಿಗಾಗಿ ಪಟ್ಟದಕಲ್ಲಿನ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಗುಂಡನನ್ನು ಏನೆಂದು ಕರೆಯಲಿ? ‘ವಾಸ್ತುಶಿಲ್ಪಿ’ ಅಂದರೆ ಆಫೀಸಿನಲ್ಲಿ ಕೂತು ನಕ್ಷೆ ಬರೆಯುವವನಂತೆ ಕೇಳಿಸುತ್ತೆ. ‘ಮೇಸ್ತ್ರಿ’ ಅಂದರೆ ಬಿರುದು ಪಡೆದವನಿಗೆ ಕಡಿಮೆಯಾಯಿತು. ಸೂತ್ರಧಾರಿ ಅಂತಲೇ ಬಿಟ್ಟು ದಾರದ ಕಥೆ ಹೇಳುವ ಮನಸ್ಸಿದೆ, ಆದರೂ ನಿಮ್ಮ ಅಭಿಪ್ರಾಯ ಬೇಕು. ಹಾಗೆಯೇ, ಪಟ್ ಅಂತ ಗೆರೆ ಬಿಡಿಸುವ ಆ ದಾರಕ್ಕೆ ನಿಮ್ಮ ಊರ ಬಡಿಗೇರರು, ಕಲ್ಲುಕುಟಿಗರು ಏನಂತಾರೆ? ಅವರ ಬಾಯಲ್ಲಿ ‘ಸೂತ್ರ’ ಇನ್ನೂ ಇದೆಯಾ?