ನಕ್ಷತ್ರವನ್ನು ಬಿಲ್ಲೆಯಿಂದ ಮುಚ್ಚಿದರೆ ಪಕ್ಕದ ಗ್ರಹ ಕಾಣುವುದಿಲ್ಲವೇ?

ಬದಿಯಡ್ಕದ ಶಿಕ್ಷಕಿ: 2019ರ ಡಿಸೆಂಬರ್ 26ರಂದು ಚೆರುವತ್ತೂರಿನಲ್ಲಿ ಕಂಡ ಕಂಕಣ ಗ್ರಹಣದ ಚಿತ್ರವನ್ನು ಎಂಟನೆಯ ತರಗತಿಯಲ್ಲಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಟೀಚರ್, ದೂರದರ್ಶಕದ ಮುಂದೆ ದುಂಡು ತಗಡು ಹಿಡಿದು ನಕ್ಷತ್ರವನ್ನು ಮರೆ ಮಾಡಿದರೆ ಅದರ ಭೂಮಿ ಕಾಣಬೇಕಲ್ಲ?" ಏನು ಹೇಳಲಿ?

ಕುಂಬಳೆಯ ನಿವೃತ್ತ ಮೇಷ್ಟ್ರು: ಹುಡುಗನ ಬೆನ್ನು ತಟ್ಟಿ. ಗ್ರಹಣಕ್ಕೆ ಕಾಯದೆ ಸೂರ್ಯನ ಸುತ್ತಣ ಮಂದ ಪ್ರಭೆಯಾದ ಕರೋನಾ ನೋಡಲು ಫ್ರಾನ್ಸಿನ ಬರ್ನಾರ್ ಲಿಯೋ 1930ರ ದಶಕದಲ್ಲಿ ಮಾಡಿದ್ದೂ ಇದನ್ನೇ. ಬಿಲ್ಲೆಯನ್ನು ಅವರು ದೂರದರ್ಶಕದೊಳಗೇ ಇಟ್ಟರು. ಅದೇ ಕರೋನಾಗ್ರಾಫ್.

ತಕರಾರು ಇರುವುದು ಅಂಚಿನದು. ಬೆಳಕು ಅಂಚನ್ನು ಸುತ್ತಿ ಬಾಗುತ್ತದೆ; ತಗಡು ದುಂಡಗಿದ್ದರೆ ನೆರಳಿನ ನಟ್ಟನಡುವೆಯೇ ಬೆಳಕಿನ ಚುಕ್ಕೆ ಮೂಡುತ್ತದೆ. 'ಇದೆಂಥ ಅಸಂಬದ್ಧ' ಎಂದು ಗಣಿತಜ್ಞ ಪ್ವಾಸೋ, ಬೆಳಕು ಅಲೆ ಎಂಬ ಫ್ರೆನೆಲ್‌ನ ಸಿದ್ಧಾಂತವನ್ನು ಅಲ್ಲಗಳೆಯಲು ಹೊರಟಾಗ, ವಿಜ್ಞಾನಿ ಅರಾಗೋ ಪ್ರಯೋಗ ಮಾಡಿ ಆ ಚುಕ್ಕೆಯನ್ನೇ ತೋರಿಸಿದರು. ನಮ್ಮ ಭೂಮಿಯ ಬೆಳಕು ಸೂರ್ಯನ ಬೆಳಕಿನ ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ಅಂಚಿನಿಂದ ನುಸುಳಿದ ಚೂರು ಬೆಳಕೂ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಸ್ಟಾರ್‌ಶೇಡ್ ಎಂಬ ಹೊರಗಿನ ಮರೆಗೆ ಸೂರ್ಯಕಾಂತಿಯಂತೆ ಎಸಳು ಕತ್ತರಿಸುವ ಯೋಜನೆ. ಹತ್ತಾರು ಮೀಟರ್ ಅಗಲದ ಆ ಮರೆ ದೂರದರ್ಶಕಕ್ಕಿಂತ ಹತ್ತಾರು ಸಾವಿರ ಕಿಲೋಮೀಟರ್ ಮುಂದೆ ತೇಲಬೇಕು. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಅದನ್ನು ಸರಿಸುವುದರಲ್ಲೇ ಇಂಧನವೂ ಸಮಯವೂ ಕರಗುತ್ತವೆ. ನನ್ನ ಮತ ಒಳಗಿನ ಬಿಲ್ಲೆಗೇ.

ತಾಳವಾಡಿಯ ಓದುಗ: ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕದ ಕನ್ನಡಿ 6.5 ಮೀಟರ್, ಕರೋನಾಗ್ರಾಫೂ ಇದೆ. ಇನ್ನೊಂದು ಭೂಮಿಯನ್ನು ನೋಡಲು ಮತ್ತೊಂದು ದೂರದರ್ಶಕ ಯಾಕೆ?

ಕುಂಬಳೆಯ ನಿವೃತ್ತ ಮೇಷ್ಟ್ರು: ವೆಬ್ ತೆಗೆದ ಎಪ್ಸಿಲಾನ್ ಇಂಡಿ ನಕ್ಷತ್ರದ ಗ್ರಹವೊಂದರ ಚಿತ್ರ 2024ರಲ್ಲಿ ಪ್ರಕಟವಾಯಿತು. ಆದರೆ ಆ ಗ್ರಹ ಗುರುವಿಗಿಂತ ಹಲವು ಪಟ್ಟು ಭಾರದ್ದು. ಸೂರ್ಯನಂಥ ನಕ್ಷತ್ರದ ಬದಿಯ ಭೂಮಿ ವೆಬ್‌ನ ಅಳವಿಗೆ ಮೀರಿದ್ದು. 33 ಜ್ಯೋತಿರ್ವರ್ಷ ದೂರದಿಂದ ಅಂಥ ನಕ್ಷತ್ರಕ್ಕೂ ಅದರ ಭೂಮಿಗೂ ನಡುವಿನ ಅಂತರ ಸೆಕೆಂಡ್ ಕೋನದ (ಡಿಗ್ರಿಯ 3600ನೇ ಒಂದು ಭಾಗದ) ಹತ್ತನೇ ಒಂದು ಭಾಗ ಮಾತ್ರ. 2021ರಲ್ಲಿ ಅಮೆರಿಕದ ಖಗೋಳಜ್ಞರ ಸಮೀಕ್ಷೆ ಶಿಫಾರಸು ಮಾಡಿದ, ಈಗ ಹ್ಯಾಬಿಟಬಲ್ ವರ್ಲ್ಡ್ಸ್ ಅಬ್ಸರ್ವೇಟರಿ ಎಂದು ಕರೆಯುವ ಹೊಸ ಬಾಹ್ಯಾಕಾಶ ದೂರದರ್ಶಕದ ಯೋಜನೆಯದ್ದೂ ಸುಮಾರು 6 ಮೀಟರ್ ಕನ್ನಡಿಯೇ. ಆದರೆ ಅದು ಪಿಕೋಮೀಟರ್‌ಗಳ ಲೆಕ್ಕದಲ್ಲಿ ಅಲುಗದೆ ನಿಲ್ಲಬೇಕು, ಅಂದರೆ ಮೀಟರಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು! ಉಳಿದ ಡೊಂಕನ್ನು ಆಕಾರ ಬದಲಿಸುವ ಪುಟ್ಟ ಕನ್ನಡಿಗಳು ತಿದ್ದುತ್ತವೆ.

ಬದಿಯಡ್ಕದ ಶಿಕ್ಷಕಿ: ನೆರಳಿನ ನಡುವೆ ಮೂಡುವ ಆ ಚುಕ್ಕೆಯನ್ನು ಶಾಲೆಯಲ್ಲಿ ತೋರಿಸಬಹುದೇ?

ಕುಂಬಳೆಯ ನಿವೃತ್ತ ಮೇಷ್ಟ್ರು: ಧಾರಾಳವಾಗಿ. ಸೈಕಲ್ ಬೇರಿಂಗಿನ ಸಣ್ಣ ಗುಂಡನ್ನು ಗಾಜಿನ ಪಟ್ಟಿಗೆ ಅಂಟಿಸಿ. ಲೇಸರ್ ಕಿರಣವನ್ನು ಮಸೂರದಿಂದ ಹರಡಿಸಿ ಅದರ ಮೇಲೆ ಬಿಡಿ. ಕೆಲವು ಮೀಟರ್ ಆಚೆಯ ಬಿಳಿ ಗೋಡೆಯ ಮೇಲೆ ನೆರಳು ನೋಡಿ. ಕೋಣೆ ಪೂರ್ತಿ ಕತ್ತಲಿರಲಿ, ಅಂಟು ಗುಂಡಿನ ಅಂಚಿನಿಂದ ಹೊರಗೆ ಇಣುಕದಿರಲಿ. ಮಕ್ಕಳು ಲೇಸರಿನತ್ತ ಕಣ್ಣು ಹಾಯಿಸದಂತೆ ನೀವೇ ಪಕ್ಕದಲ್ಲಿ ನಿಲ್ಲಿ.